150ರಿಂದ 265ಕ್ಕೆ: ಆಕ್ಟೇವಿಯಾ ಆರ್‌ಎಸ್ ಓಡಿದ್ದೆಷ್ಟು, ಕಲಬುರಗಿಯಿಂದ ದೂರ ಹೋಗಿದ್ದೆಷ್ಟು?

2025ರ ಅಕ್ಟೋಬರ್ 17ರಂದು ಸ್ಕೋಡಾ ಕಂಪನಿ ಹೊಸ ಆಕ್ಟೇವಿಯಾ ಆರ್‌ಎಸ್‌ನ, ಅಂದ್ರೆ ಆಕ್ಟೇವಿಯಾ ಕಾರಿನ ಹೆಚ್ಚು ಶಕ್ತಿಯ ಮಾದರಿಯ, ಬೆಲೆ ಹೇಳಿತು. ಎಕ್ಸ್ ಶೋರೂಂ 49.99 ಲಕ್ಷ ರೂಪಾಯಿ. ಆದರೆ ಬೆಲೆ ಹೇಳುವ ಹೊತ್ತಿಗೆ ಮಾರಲು ಗಾಡಿಯೇ ಉಳಿದಿರಲಿಲ್ಲ. ಇಡೀ ದೇಶಕ್ಕೆ ಬಂದದ್ದೇ 100 ಕಾರು. ಅಕ್ಟೋಬರ್ 6ಕ್ಕೆ ಬುಕಿಂಗ್ ತೆರೆಯಿತು, ನೋಡನೋಡುತ್ತಲೇ ಮುಗಿದೂ ಹೋಯಿತು. ಅಂದ್ರೆ ನೂರು ಮಂದಿ ಬೆಲೆ ಎಷ್ಟು ಅಂತ ತಿಳಿಯುವ ಮೊದಲೇ ದುಡ್ಡು ಕಟ್ಟಿದ್ದರು.

ಕಲಬುರಗಿಯಲ್ಲಿ ಕೂತು ಈ ಲೆಕ್ಕ ಮುಂದುವರಿಸಿ ನೋಡಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಲೈಫ್ ಟ್ಯಾಕ್ಸ್ 18%. ಆ ಟ್ಯಾಕ್ಸ್ ಮೇಲೆ ಸೆಸ್ ಬೇರೆ. ಅಲ್ಲಿಗೇ ಸುಮಾರು 10 ಲಕ್ಷ ಹೋಯಿತು. ಇನ್ಶೂರೆನ್ಸ್ ಸೇರಿಸಿದರೆ ಕೆಎ-32 ನಂಬರ್ ಪ್ಲೇಟ್ ಬೀಳುವಷ್ಟರಲ್ಲಿ 60 ಲಕ್ಷ ದಾಟುತ್ತದೆ. ಇದರ ಅಣ್ಣನಂಥ ಗಾಡಿ 2011ರಲ್ಲಿ 15 ಲಕ್ಷದ ಆಸುಪಾಸಿನಲ್ಲಿ ಸಿಗುತ್ತಿತ್ತು.

ಕಾರು ಅಷ್ಟೊಂದು ಬದಲಾಯಿತಾ? ವರ್ಷ ವರ್ಷ ಬಿಡಿಸಿ ನೋಡಿದರೆ ನನಗೆ ಕಾಣುವುದು ಇಷ್ಟು: 2017ರವರೆಗೆ ಬೆಳೆದದ್ದು ಕಾರು. ಆಮೇಲೆ ಹೆಚ್ಚಾಗಿ ಬೆಳೆದದ್ದು ಬೆಲೆ. ಆ ಬೆಲೆಯಲ್ಲಿ ಎಂಜಿನ್ನಿಗಿಂತ ಸುಂಕದ ಪಾಲು ಜಾಸ್ತಿ.

2004: ಔರಂಗಾಬಾದಿನ ಟರ್ಬೊ

ಸ್ಕೋಡಾ ಭಾರತಕ್ಕೆ ಬಂದದ್ದು 2001ರಲ್ಲಿ, ಆಕ್ಟೇವಿಯಾ ಹಿಡಿದುಕೊಂಡು. ಫ್ಯಾಕ್ಟರಿ ಔರಂಗಾಬಾದಿನ ಶೇಂದ್ರಾದಲ್ಲಿ. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಅಂತ ಹೆಸರು. ಒಂದು ಕಾಲಕ್ಕೆ ಅದೂ ನಾವೂ ನಿಜಾಮರ ಒಂದೇ ರಾಜ್ಯದಲ್ಲಿದ್ದವರು. ಸೊಲ್ಲಾಪುರ ದಾಟಿದರೆ ನೇರ ಅದೇ ದಿಕ್ಕಿನ ರಸ್ತೆ.

ಆಗ ಆಕ್ಟೇವಿಯಾ ಅಂದ್ರೆ ಡೀಸೆಲ್ ಅಂತಲೇ ಲೆಕ್ಕ. 1.9 ಲೀಟರಿನ, 90 ಪಿಎಸ್‌ನ ಟಿಡಿಐ ಎಂಜಿನ್. ಪಿಎಸ್ ಅಂದ್ರೆ ಎಂಜಿನ್ ಶಕ್ತಿಯ ಅಳತೆ, ಹೆಚ್ಚೂಕಡಿಮೆ ಹಾರ್ಸ್‌ಪವರ್. ಗಟ್ಟಿ ಬಾಡಿ, ದೊಡ್ಡ ಡಿಕ್ಕಿ, ಹೈವೇಯಲ್ಲಿ ನೆಲಕ್ಕೆ ಅಂಟಿಕೊಂಡು ಹೋಗುವ ಗುಣ. ಗುತ್ತಿಗೆದಾರರು, ಡಾಕ್ಟರರು, ಗಂಜ್ ಮಾರುಕಟ್ಟೆಯ ದೊಡ್ಡ ವ್ಯಾಪಾರಿಗಳು ಇಷ್ಟಪಡುವ ಜಾತಿಯ ಗಾಡಿ. ಅದರ ಜೊತೆಗೆ 2004ರಲ್ಲಿ ಆರ್‌ಎಸ್ ಬಂತು. 1.8 ಲೀಟರ್ ಪೆಟ್ರೋಲ್ ಟರ್ಬೊ, 150 ಪಿಎಸ್, 210 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ), ಮ್ಯಾನ್ಯುಯಲ್ ಗೇರ್.

ಆ ಎಂಜಿನ್ ಸ್ವಲ್ಪ ವಿಶೇಷದ್ದು. ನಾಲ್ಕು ಸಿಲಿಂಡರಿಗೆ 20 ವಾಲ್ವ್. ಒಂದೊಂದು ಸಿಲಿಂಡರಿಗೆ ಐದು: ಗಾಳಿ ಒಳಗೆ ಬಿಡಲು ಮೂರು, ಹೊಗೆ ಹೊರಗೆ ಹಾಕಲು ಎರಡು. ಫೋಕ್ಸ್‌ವ್ಯಾಗನ್ ಮತ್ತು ಆಡಿ ಗಾಡಿಗಳಲ್ಲೂ ಇದೇ ಎಂಜಿನ್ ಇತ್ತು. ಸ್ಕೋಡಾ 1991ರಿಂದ ಫೋಕ್ಸ್‌ವ್ಯಾಗನ್ ಗುಂಪಿನ ಕಂಪನಿ, ಹಾಗಾಗಿ ಮನೆಯೊಳಗಿನ ಸಾಮಾನು ಹಂಚಿಕೊಂಡಂತೆ.

ಇಲ್ಲೊಂದು ವಿಷಯ ಜಾಹೀರಾತಿನಲ್ಲಿ ಬರಲಿಲ್ಲ. ಯುರೋಪಿನ ಆರ್‌ಎಸ್ ಅದೇ 1.8 ಲೀಟರಿನಿಂದ 180 ಪಿಎಸ್ ಕೊಡುತ್ತಿತ್ತು. ನಮಗೆ ಬಂದದ್ದು 30 ಕಡಿಮೆ. ಕಾರಣ ಊಹಿಸುವುದು ಕಷ್ಟವಲ್ಲ. ಆಗ ನಮ್ಮ ಸಾಮಾನ್ಯ ಪೆಟ್ರೋಲಿನ ಕನಿಷ್ಠ ಆಕ್ಟೇನ್ ಸಂಖ್ಯೆ 88. ಯುರೋಪಿನಲ್ಲಿ 95 ಮಾಮೂಲು. ಟರ್ಬೊ ಎಂಜಿನ್ ಗಾಳಿಯನ್ನು ಒತ್ತಿ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಆಕ್ಟೇನ್ ಕಡಿಮೆ ಇರುವ ಪೆಟ್ರೋಲ್ ಆ ಬಿಸಿಗೆ, ಸ್ಪಾರ್ಕಿನಿಂದ ಹೊತ್ತಿದ ಉರಿ ತಲುಪುವ ಮೊದಲೇ, ತಾನಾಗಿ ಹೊತ್ತಿಕೊಳ್ಳುವ ಸಾಧ್ಯತೆ ಇದೆ. ಮೆಕ್ಯಾನಿಕ್‌ಗಳು ನಾಕಿಂಗ್ ಅನ್ನುವುದು ಇದನ್ನೇ. ಜಾಸ್ತಿಯಾದರೆ ಪಿಸ್ಟನ್ನೇ ಹೋಗುತ್ತದೆ. ಮೇ ತಿಂಗಳಲ್ಲಿ 43, 44 ಡಿಗ್ರಿ ಮುಟ್ಟುವ ಕಲಬುರಗಿಯಂಥ ಊರಿನಲ್ಲಿ ಕಂಪನಿ ಹುಷಾರಾಗಿದ್ದದ್ದು ತಪ್ಪಲ್ಲ. ಆದರೆ 150 ಅನ್ನುವುದು ಕಾರಿನ ಹುಟ್ಟುಶಕ್ತಿ ಆಗಿರಲಿಲ್ಲ, ನಮಗಾಗಿ ಇಳಿಸಿದ ಶಕ್ತಿ ಅನ್ನುವುದು ನೆನಪಿರಲಿ. ಮುಂದೆ 150ರಿಂದ 265ಕ್ಕೆ ಏರಿತು ಅಂದಾಗ ಈ ಮಾತು ಬೇಕಾಗುತ್ತದೆ.

2011: ಹೆಸರು ದೊಡ್ಡದು, ಎಂಜಿನ್ ಅದೇ

ಎರಡನೇ ತಲೆಮಾರಿನ ಆಕ್ಟೇವಿಯಾ 2005ರಲ್ಲಿ ಇಲ್ಲಿಗೆ ಲಾರಾ ಅನ್ನುವ ಹೆಸರಿನಲ್ಲಿ ಬಂತು. ಹಳೇ ಆಕ್ಟೇವಿಯಾ ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದ ಕಾರಣ ಎರಡನ್ನೂ ಪಕ್ಕಪಕ್ಕ ಇಟ್ಟು ಮಾರಿದರು. ಲಾರಾದ ಆರ್‌ಎಸ್ ಮಾದರಿ ವಿಆರ್‌ಎಸ್ ಅನ್ನುವ ಹೆಸರಿನಲ್ಲಿ ಬಂದದ್ದು 2011ರಲ್ಲಿ. ಯುರೋಪಿನಲ್ಲಿ ಇದಕ್ಕೆ 2 ಲೀಟರಿನ 200 ಪಿಎಸ್ ಎಂಜಿನ್ ಇತ್ತು. ನಮಗೆ ಸಿಕ್ಕಿದ್ದು ಮಾಮೂಲಿ ಲಾರಾದಲ್ಲೇ ಇದ್ದ 1.8 ಲೀಟರ್ ಟಿಎಸ್‌ಐ ಟರ್ಬೊ ಪೆಟ್ರೋಲ್, 160 ಪಿಎಸ್. ಬಂಪರ್, ಸ್ಪಾಯ್ಲರ್, ಸೀಟು, ಬ್ಯಾಡ್ಜ್ ಚಂದ. ಬಾನೆಟ್ ಎತ್ತಿದರೆ ಹೊಸದೇನೂ ಇಲ್ಲ.

ಅದೇ 2011ರ ಆಗಸ್ಟಿನಲ್ಲಿ ಅಮೆರಿಕದ ಬಾನೆವಿಲ್ ಉಪ್ಪು ಮೈದಾನದಲ್ಲಿ ರೆಡಿ ಮಾಡಿದ ಒಂದು ಆಕ್ಟೇವಿಯಾ ವಿಆರ್‌ಎಸ್ ಗಂಟೆಗೆ 365 ಕಿ.ಮೀ. ವೇಗ ಮುಟ್ಟಿ ತನ್ನ ವರ್ಗದಲ್ಲಿ ದಾಖಲೆ ಬರೆಯಿತು. ಅಲ್ಲಿ ದಾಖಲೆ, ಇಲ್ಲಿ ಸ್ಟಿಕ್ಕರ್. ಆದರೂ ಲಾರಾ ವಿಆರ್‌ಎಸ್‌ಗೆ ಅಭಿಮಾನಿಗಳು ಹುಟ್ಟಿದರು. ಅದಕ್ಕೆ ರೀಮ್ಯಾಪ್ ಕಾರಣ. ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿದರೆ ಟರ್ಬೊ ಒತ್ತಡ ಏರುತ್ತದೆ, ಯುರೋಪಿನವರಿಗೆ ಸಿಕ್ಕಷ್ಟು ಪಿಎಸ್ ಕೈಗೆ ಬರುತ್ತದೆ. ಕಂಪನಿ ಕೊಡದ್ದನ್ನು ಮಂದಿ ಹೈದರಾಬಾದಿಗೋ ಪುಣೆಗೋ ಹೋಗಿ ಹಾಕಿಸಿಕೊಂಡು ಬಂದರು.

2017: ಇಲ್ಲಿ ನಿಲ್ಲಬೇಕು

2017ರ ಆಗಸ್ಟ್ 30. ಜಿಎಸ್‌ಟಿ ಬಂದು ಎರಡು ತಿಂಗಳಾಗಿತ್ತು. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಬಿಡುಗಡೆ ಮಾಡಿತು. ಬೆಲೆ 24.62 ಲಕ್ಷ. 2 ಲೀಟರ್ ಟಿಎಸ್‌ಐ, 230 ಪಿಎಸ್, 350 ಎನ್‌ಎಂ, 6 ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. ಸೊನ್ನೆಯಿಂದ 100ಕ್ಕೆ 6.8 ಸೆಕೆಂಡ್, ಟಾಪ್ ಸ್ಪೀಡ್ 250.

ಲಾರಾದ 160ರಿಂದ ಒಂದೇ ಏಟಿಗೆ 70 ಪಿಎಸ್ ಜಿಗಿತ. ಆದರೆ ಯುರೋಪಿನಲ್ಲಿ ಅಂಥ ಜಿಗಿತ ನಡೆದೇ ಇಲ್ಲ. ಅಲ್ಲಿ 180, 200, 220, 230 ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ನಾವು ಎರಡು ತಲೆಮಾರು ಕೆಳಗಿನ ಮೆಟ್ಟಿಲಲ್ಲಿ ನಿಂತು, ಮೂರನೆಯದರಲ್ಲಿ ಒಂದೇ ಸಲ ಹತ್ತಿದ್ದೇವೆ. ಹೊಸ ಚಮತ್ಕಾರವೇನೂ ಆಗಲಿಲ್ಲ, ಹಳೇ ಬಾಕಿ ತೀರಿತು ಅಷ್ಟೆ. ಆ ಹೊತ್ತಿಗೆ ಪೆಟ್ರೋಲಿನ ಆಕ್ಟೇನ್ ದೇಶದೆಲ್ಲೆಡೆ 91ಕ್ಕೆ ಬಂದಿತ್ತು, 2017ರ ಏಪ್ರಿಲ್‌ನಿಂದ ಬಿಎಸ್4 ಹೊಗೆ ನಿಯಮ ದೇಶಕ್ಕೆಲ್ಲ ಜಾರಿಯಾಗಿತ್ತು. ಕಂಪನಿಗೂ ಧೈರ್ಯ ಬಂದಿರಬೇಕು.

ಇನ್ನೊಂದು ಮುಖ್ಯ ವಿಷಯ, ಈ ಗಾಡಿ ಔರಂಗಾಬಾದಿನಲ್ಲೇ ಜೋಡಣೆ ಆಗುತ್ತಿತ್ತು. ಅದಕ್ಕೇ 25 ಲಕ್ಷದೊಳಗೆ ನಿಂತಿತು. ಮೊದಲು ಇಟ್ಟಿದ್ದ 500 ಗಾಡಿ ಬೇಗನೆ ಖಾಲಿಯಾದವು.

ನನ್ನ ಲೆಕ್ಕದಲ್ಲಿ ಭಾರತಕ್ಕೆ ಬಂದ ಆರ್‌ಎಸ್‌ಗಳಲ್ಲಿ ಇದೇ ಸರಿಯಾದ ತೂಕದ್ದು. ಐದು ಜನ ಕೂರಬಹುದು. 590 ಲೀಟರಿನ ಡಿಕ್ಕಿ, ಹಿಂದಿನ ಗಾಜು ಸಮೇತ ಪೂರ್ತಿ ಮೇಲೆ ತೆರೆಯುತ್ತದೆ. ಮದುವೆ ಸಾಮಾನು ತರಲು ಹೈದರಾಬಾದಿಗೆ ಹೋಗಿ ಬರಬಹುದು, ಅದೇ ಗಾಡಿಯಲ್ಲಿ ಹುಮನಾಬಾದ್ ದಾಟಿದ ಮೇಲೆ ಲಾರಿಗಳನ್ನು ಒಂದೇ ಉಸಿರಿಗೆ ಹಿಂದೆ ಹಾಕಬಹುದು. ಚಕ್ರ 17 ಇಂಚಿನದ್ದು. ಇದು ಸಣ್ಣ ವಿಷಯ ಅನಿಸಬಹುದು, ಆದರೆ ನಮ್ಮ ಭಾಗಕ್ಕೆ ಇದೇ ದೊಡ್ಡ ವಿಷಯ. ಮುಂದೆ ಹೇಳುತ್ತೇನೆ.

ಡಿಎಸ್‌ಜಿ ಬಗ್ಗೆ ಒಂದು ಮಾತು. ಮಾಮೂಲಿ ಆಕ್ಟೇವಿಯಾ ಪೆಟ್ರೋಲಿನಲ್ಲಿದ್ದ 7 ಗೇರಿನ ಡಿಎಸ್‌ಜಿಗೆ ಒಣ ಕ್ಲಚ್. ಆರ್‌ಎಸ್‌ನ 6 ಗೇರಿನದ್ದಕ್ಕೆ ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್. ಬಿಸಿಲಿನ ಊರಿನಲ್ಲಿ, ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಕ್ಲಚ್ ಬಿಸಿಯಾಗುತ್ತದೆ, ಆಯಿಲ್ ಆ ಬಿಸಿಯನ್ನು ಹೊತ್ತೊಯ್ಯುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸಂಜೆ ಆರಕ್ಕೆ ಗಾಡಿ ಓಡಿಸಿದವರಿಗೆ ಇದರ ಬೆಲೆ ಗೊತ್ತು. ಆದರೆ 60 ಸಾವಿರ ಕಿ.ಮೀ.ಗೆ ಒಮ್ಮೆ ಗೇರ್‌ಬಾಕ್ಸ್ ಆಯಿಲ್ ಬದಲಿಸಲೇಬೇಕು. ಅದನ್ನು ತಪ್ಪಿಸಿದ ಗಾಡಿ ಕೊಂಡರೆ ಮುಂದಿನ ಬಿಲ್ಲು ನಿಮ್ಮದು.

2020: ಪೆಟ್ಟಿಗೆಯಲ್ಲಿ ಬಂದ 245

2020ರ ಫೆಬ್ರುವರಿಯ ಆಟೋ ಎಕ್ಸ್‌ಪೋದಲ್ಲಿ ಆರ್‌ಎಸ್245 ಬಂತು. 245 ಪಿಎಸ್, 370 ಎನ್‌ಎಂ, 7 ಗೇರ್, 6.6 ಸೆಕೆಂಡ್. ಬೆಲೆ 35.99 ಲಕ್ಷ. ಬರೀ 200 ಗಾಡಿ. ಮೂರು ವರ್ಷಕ್ಕೂ ಮೊದಲೇ ಬೆಲೆ 11 ಲಕ್ಷ ಏರಿತು, ಸಿಕ್ಕಿದ್ದು 15 ಪಿಎಸ್ ಮತ್ತು ಸೆಕೆಂಡಿನ ಐದನೇ ಒಂದು ಭಾಗ.

ಯಾಕೆ? ಈ ಸಲ ಗಾಡಿ ಔರಂಗಾಬಾದಿನಲ್ಲಿ ಜೋಡಿಸಿದ್ದಲ್ಲ. ಪೂರ್ತಿ ತಯಾರಾದ ಕಾರನ್ನೇ ಹಡಗಿನಲ್ಲಿ ತಂದರು. ಒಂದು ಕಂಪನಿ ವರ್ಷಕ್ಕೆ 2,500 ಗಾಡಿಗಳವರೆಗೆ ಇಲ್ಲಿನ ಪೂರ್ತಿ ಪರೀಕ್ಷೆ ಇಲ್ಲದೆ ಆಮದು ಮಾಡಿಕೊಳ್ಳಬಹುದು ಅನ್ನುವ ನಿಯಮ 2018ರಲ್ಲಿ ಬಂದಿತ್ತು. 2020ರ ಏಪ್ರಿಲ್‌ನಿಂದ ಬಿಎಸ್6. ಇನ್ನೂರು ಗಾಡಿಗಾಗಿ ಅಸೆಂಬ್ಲಿ ಲೈನ್, ಪರೀಕ್ಷೆ, ಸರ್ಟಿಫಿಕೇಟ್ ಅಂತ ಖರ್ಚು ಮಾಡುವುದಕ್ಕಿಂತ ಹೀಗೆ ತರುವುದು ಕಂಪನಿಗೆ ಸುಲಭ. ಗಿರಾಕಿಗೆ ದುಬಾರಿ.

ಬುಕಿಂಗ್ ಮಾರ್ಚ್ 1ಕ್ಕೆ ಶುರುವಾಯಿತು. ಅದೇ ತಿಂಗಳು ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲಿ ಆಯಿತು. ನಮ್ಮೂರಲ್ಲಿ ಆಗ ಯಾರೂ ಕಾರಿನ ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಆದರೆ ಎಂಜಿನಿಯರಿಂಗ್ ಕಡೆಯಿಂದ ನೋಡಿದರೆ 245ರಲ್ಲಿ ಒಂದು ನಿಜವಾದ ಸುಧಾರಣೆ ಇತ್ತು. ಎಲೆಕ್ಟ್ರಾನಿಕ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಅದೇನು ಮಾಡುತ್ತದೆ ಅಂದ್ರೆ, ಆರ್‌ಎಸ್‌ನಲ್ಲಿ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ಗಾಡಿ ತಿರುವಿನಲ್ಲಿದ್ದಾಗ ಭಾರ ಹೊರಗಿನ ಚಕ್ರದ ಮೇಲೆ ಬೀಳುತ್ತದೆ, ಒಳಗಿನ ಚಕ್ರ ಹಗುರಾಗುತ್ತದೆ. ಆಗ ಆಕ್ಸಿಲರೇಟರ್ ಒತ್ತಿದರೆ ಮಾಮೂಲಿ ಡಿಫರೆನ್ಷಿಯಲ್ ಹಗುರಾದ ಚಕ್ರವನ್ನೇ ಸುಮ್ನೆ ತಿರುಗಿಸುತ್ತದೆ. ಗಾಡಿ ತಿರುಗುವುದಿಲ್ಲ, ನೇರ ಜಾರುತ್ತದೆ. 2017ರ ಕಾರಿನಲ್ಲಿ ಇದಕ್ಕೆ ಉಪಾಯ, ಒಳಗಿನ ಚಕ್ರಕ್ಕೆ ಕಂಪ್ಯೂಟರ್ ಸಣ್ಣದಾಗಿ ಬ್ರೇಕ್ ಹಾಕುವುದು. ಕೆಲಸ ಆಗುತ್ತದೆ, ಆದರೆ ಬ್ರೇಕ್ ಅಂದ್ರೆ ಶಕ್ತಿ ಕಳೆದುಕೊಂಡಂತೆಯೇ ಅಲ್ವಾ. 245ರಲ್ಲಿ ಕ್ಲಚ್ ಪ್ಲೇಟ್‌ಗಳ ಒಂದು ಕಟ್ಟು ಇದೆ. ಅದು ಬಿಗಿಯಾದಾಗ ಶಕ್ತಿ ಹೊರಗಿನ ಚಕ್ರಕ್ಕೆ ಹೋಗುತ್ತದೆ. ಮೂಗು ತಿರುವಿನೊಳಗೆ ಎಳೆದುಕೊಂಡು ಹೋಗುತ್ತದೆ.

ರೇಸ್ ಟ್ರ್ಯಾಕಿನಲ್ಲಿ ಇದು ಬಂಗಾರ. ಕಲಬುರಗಿಯಿಂದ ಜೇವರ್ಗಿಗೆ, ಸೇಡಂಗೆ, ಶಹಾಪುರಕ್ಕೆ ಹೋಗುವ ರಸ್ತೆಗಳಲ್ಲಿ? ನಮ್ಮದು ಬಯಲುಸೀಮೆ. ಘಾಟ್ ಇಲ್ಲ. ತಿರುವಿಗಿಂತ ಹಂಪ್ ಜಾಸ್ತಿ.

2021ರಲ್ಲಿ ನಾಲ್ಕನೇ ತಲೆಮಾರಿನ ಆಕ್ಟೇವಿಯಾ 190 ಪಿಎಸ್‌ನೊಂದಿಗೆ ಬಂತು, ಆರ್‌ಎಸ್ ಬರಲಿಲ್ಲ. 2023ರಲ್ಲಿ ರಸ್ತೆಯ ಮೇಲೇ ಹೊಗೆ ಅಳೆಯುವ ಹೊಸ ನಿಯಮ ಬಂದಾಗ ಆ ಮಾಮೂಲಿ ಆಕ್ಟೇವಿಯಾವನ್ನೂ ನಿಲ್ಲಿಸಿದರು. ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಸ್‌ಯುವಿ ಆಗಿರುವಾಗ ದೊಡ್ಡ ಸೆಡಾನಿಗಾಗಿ ಮತ್ತೆ ದುಡ್ಡು ಸುರಿಯಲು ಯಾರಿಗೆ ಮನಸ್ಸು ಬರುತ್ತದೆ?

2025: 21 ಲಕ್ಷದ ಗಾಡಿ 60 ಲಕ್ಷ ಆಗುವ ಬಗೆ

ಈಗ ಹೊಸದಕ್ಕೆ ಬರೋಣ. 265 ಪಿಎಸ್, 370 ಎನ್‌ಎಂ, 6.4 ಸೆಕೆಂಡ್, 250ರ ಟಾಪ್ ಸ್ಪೀಡ್. 245ಕ್ಕೆ ಹೋಲಿಸಿದರೆ ಟಾರ್ಕ್ ಅಷ್ಟೇ ಇದೆ. 2017ರ ಕಾರಿಗೆ ಹೋಲಿಸಿದರೆ ಎಂಟು ವರ್ಷದಲ್ಲಿ 35 ಪಿಎಸ್ ಬಂದಿದೆ, 0.4 ಸೆಕೆಂಡ್ ಉಳಿದಿದೆ. ಸಮಯ ಇದಕ್ಕಿಂತ ಇಳಿಯುವುದೂ ಕಷ್ಟ. ಜೋರಾಗಿ ಹೊರಟಾಗ ಗಾಡಿಯ ಭಾರ ಹಿಂದಕ್ಕೆ ವಾಲುತ್ತದೆ. ಎಳೆಯುವ ಚಕ್ರ ಇರುವುದು ಮುಂದೆ. ಇನ್ನಷ್ಟು ಶಕ್ತಿ ಕೊಟ್ಟರೆ ಟೈರ್ ಸುಡುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಮುಂಚಕ್ರದ ಸೆಡಾನಿಗೆ ಇದೊಂದು ಗಡಿ.

ಬೆಲೆ ಮಾತ್ರ ಎರಡು ಪಟ್ಟು. ವರ್ಷಕ್ಕೆ 5% ಬೆಲೆಯೇರಿಕೆ ಹಿಡಿದರೂ 2017ರ 24.62 ಲಕ್ಷ 2025ಕ್ಕೆ 36 ಲಕ್ಷ ಚಿಲ್ಲರೆ ಆಗುತ್ತದೆ. ಉಳಿದ 13, 14 ಲಕ್ಷ ಎಲ್ಲಿಂದ ಬಂತು?

ಸುಂಕ. ಪೂರ್ತಿ ತಯಾರಾದ ಕಾರನ್ನು ತಂದರೆ, 40 ಸಾವಿರ ಡಾಲರ್ ಒಳಗಿನ ಗಾಡಿಗೆ ಆಮದು ಸುಂಕ 70%. ಅದನ್ನು ಸೇರಿಸಿದ ಮೊತ್ತದ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಇಂಥ ದೊಡ್ಡ ಕಾರಿಗೆ 40%, ಅದಕ್ಕೂ ಮೊದಲು ಸೆಸ್ ಸೇರಿ 48%. ಹೊಸ ದರದಲ್ಲೇ ಲೆಕ್ಕ ಹಾಕೋಣ. ಬಂದರಿನಲ್ಲಿ ಕಾರಿನ ಬೆಲೆ 100 ರೂಪಾಯಿ ಅಂತಿಟ್ಟುಕೊಳ್ಳಿ. ಸುಂಕ ಸೇರಿ 170. ಅದರ ಮೇಲೆ 40% ಸೇರಿ 238. ಹಿಂದಕ್ಕೆ ಲೆಕ್ಕ ಮಾಡಿದರೆ 50 ಲಕ್ಷದ ಗಾಡಿಯೊಳಗೆ ಇರುವ ಮೂಲ ಬೆಲೆ 21 ಲಕ್ಷದ ಹತ್ತಿರ. ಇದರಲ್ಲೇ ಡೀಲರ್ ಕಮಿಷನ್ ಇತ್ಯಾದಿ ಬರಬೇಕು, ಹಾಗಾಗಿ ನಿಜಕ್ಕೆ ಇನ್ನೂ ಕಡಿಮೆ. ಆಮೇಲೆ ನಮ್ಮ ರಾಜ್ಯ 10 ಲಕ್ಷ ತೆಗೆದುಕೊಳ್ಳುತ್ತದೆ. 60 ಲಕ್ಷ ಕೊಟ್ಟವರು 21 ಲಕ್ಷದ ಕಾರು ತಂದು ನಿಲ್ಲಿಸಿದಂತೆ. ಉಳಿದದ್ದು ಹೆಚ್ಚೂಕಡಿಮೆ ಪೂರ್ತಿ ಸರ್ಕಾರಗಳ ಖಜಾನೆಗೆ.

ಇದೇ ಕೆಲಸ ಬೇರೆ ಥರ ಮಾಡಬಹುದು ಅನ್ನುವುದಕ್ಕೆ ಬಿಎಂಡಬ್ಲ್ಯು ಎಂ340ಐ ಉದಾಹರಣೆ. 2021ರ ಮಾರ್ಚಿನಲ್ಲಿ 62.90 ಲಕ್ಷಕ್ಕೆ ಬಂತು. 387 ಪಿಎಸ್, ನಾಲ್ಕೂ ಚಕ್ರಕ್ಕೆ ಶಕ್ತಿ, 100ಕ್ಕೆ 4.4 ಸೆಕೆಂಡ್. ಆರು ಸಿಲಿಂಡರ್. ಅದು ಆ ಬೆಲೆಗೆ ಸಾಧ್ಯವಾದದ್ದು ಚೆನ್ನೈನ ಫ್ಯಾಕ್ಟರಿಯಲ್ಲಿ ಜೋಡಿಸಿದ್ದರಿಂದ. ಬಿಡಿಭಾಗಗಳಾಗಿ ತಂದು ಇಲ್ಲಿ ಜೋಡಿಸಿದರೆ ಸುಂಕ ಬಹಳ ಕಡಿಮೆ. ಈಗ ಅದರ ಬೆಲೆಯೂ ಏರಿದೆ, ಆದರೆ ಕೊಟ್ಟ ದುಡ್ಡಿಗೆ ಕಾರು ಎಷ್ಟು ಸಿಗುತ್ತದೆ ಅಂತ ನೋಡಿದರೆ ಆರ್‌ಎಸ್ ಅದರ ಪಕ್ಕ ನಿಲ್ಲುವುದೇ ಇಲ್ಲ.

ಸ್ಕೋಡಾಕ್ಕೆ ಇದು ಗೊತ್ತಿಲ್ಲ ಅಂತಲ್ಲ. 100 ಗಾಡಿ ಮಾರಿ ಲಾಭ ಮಾಡುವುದು ಅವರ ಉದ್ದೇಶವೂ ಅಲ್ಲ ಅಂತ ಕಾಣುತ್ತದೆ. ಶೋರೂಮಿಗೆ ಮಂದಿ ಬರಲಿ, ಆರ್‌ಎಸ್ ಸಿಗಲಿಲ್ಲ ಅಂದ್ರೆ ಸ್ಕೋಡಾದ್ದೇ ಸಣ್ಣ ಎಸ್‌ಯುವಿ ಕುಶಾಕ್ ತೆಗೆದುಕೊಂಡು ಹೋಗಲಿ. ಕಾರಾಗಿ ಹುಟ್ಟಿದ ಗಾಡಿ ಈಗ ಜಾಹೀರಾತಿನ ಕೆಲಸ ಮಾಡುತ್ತಿದೆ.

ಕರಿ ಮಣ್ಣು ಮತ್ತು 19 ಇಂಚಿನ ಚಕ್ರ

2017ರಲ್ಲಿ ಚಕ್ರ 17 ಇಂಚು. 2020ರಲ್ಲಿ 18. 2025ರಲ್ಲಿ 19. ಚಕ್ರ ದೊಡ್ಡದಾದಂತೆ ಟೈರಿನ ಪಕ್ಕದ ಗೋಡೆ ತೆಳುವಾಗುತ್ತದೆ. ಟೈರ್ ಮೇಲೆ 225/45 ಅಂತ ಇದ್ದರೆ ಗೋಡೆಯ ಎತ್ತರ 225 ಮಿ.ಮೀ.ನ 45%, ಅಂದ್ರೆ 101 ಮಿ.ಮೀ. ಅದೇ 225/40 ಆದರೆ 90. ಸೆಂಟಿಮೀಟರ್ ಒಂದರ ವ್ಯತ್ಯಾಸ. ಆ ಒಂದು ಸೆಂಟಿಮೀಟರಿನಲ್ಲೇ ಗುಂಡಿಯ ಏಟು ತಿನ್ನುವ ರಬ್ಬರ್ ಇರುವುದು.

ಕಲಬುರಗಿ, ಯಾದಗಿರಿಯ ಬಹುಪಾಲು ರಸ್ತೆಗಳ ಕೆಳಗೆ ಇರುವುದು ಕರಿ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ತೊಗರಿಗೆ ಒಳ್ಳೆಯದು, ಡಾಂಬರಿಗೆ ಶತ್ರು. ಹೋದ ವರ್ಷ ಹಾಕಿದ ರಸ್ತೆ ಈ ವರ್ಷ ಅಲೆಯಂತೆ ಏರಿಳಿಯುವುದು ಇದಕ್ಕೇ. ಅದರ ಮೇಲೆ ಸಿಮೆಂಟ್ ಲಾರಿಗಳ ಓಡಾಟ. ಇಂಥ ಕಡೆ ತೆಳು ಗೋಡೆಯ ಟೈರ್ ಗುಂಡಿಗೆ ಬಿದ್ದರೆ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಒಳಗಿನ ದಾರ ಹರಿಯುತ್ತದೆ. ಹೊರಗೆ ತವೆಯ ಮೇಲಿನ ಜೋಳದ ರೊಟ್ಟಿಯಂತೆ ಒಂದು ಉಬ್ಬು ಕಾಣಿಸಿಕೊಳ್ಳುತ್ತದೆ. ಪಂಕ್ಚರ್ ಆದರೆ ಹಾಕಿಸಬಹುದು. ಉಬ್ಬಿದ ಟೈರ್ ಬಿಸಾಡುವುದೇ.

ಗೆಳೆಯರೊಬ್ಬರು ಸೆಕೆಂಡ್ ಹ್ಯಾಂಡ್ 2017ರ ಆರ್‌ಎಸ್ ಒಂದನ್ನು ನೋಡಿ ಇಟ್ಟಿದ್ದರು. ರಿಂಗ್ ರೋಡಿನ ಗ್ಯಾರೇಜಿನಲ್ಲಿ ಅದನ್ನು ತೋರಿಸುವಾಗ ನಾನೂ ಇದ್ದೆ. ಅಲ್ಲಿನ ಹಿರಿಯ ಮಿಸ್ತ್ರಿ ಬಾನೆಟ್ ಕಡೆ ನೋಡಲೇ ಇಲ್ಲ. ಮೊದಲು ಕುಕ್ಕರಗಾಲಲ್ಲಿ ಕೂತು ಟೈರ್ ನೋಡಿದರು.

"ಚಾಚಾ, ಎಂಜಿನ್ ನೋಡ್ರಿ ಮೊದಲ," ಅಂದರು ಗೆಳೆಯ.

"ಎಂಜಿನ್ ಎಲ್ಲಿಗಿ ಓಡಿ ಹೋಗ್ತದ ಸಾಬ್. ಇಲ್ಲಿ ಬರ್ರಿ. ಇದು 2319. ಇದು 0722. ಮುಂದಿಂದು ಒಂದೇ ಟೈರ್ ಯಾಕ ಬದ್ಲಿ ಮಾಡ್ಯಾರ? ಎಲ್ಲೋ ಗುಂಡಿಗಿ ಬಿದ್ದದ ಇದು."

ಟೈರ್ ಪಕ್ಕದ ನಾಲ್ಕು ಅಂಕಿಯಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಆಮೇಲೆ ಚಕ್ರ ಬಿಚ್ಚಿಸಿ ರಿಮ್ಮಿನ ಒಳಗಿನ ಅಂಚಿಗೆ ಬೆರಳು ಸವರಿದರು. ಹೊರಗೆ ಕಾಣದ ಒಂದು ಸಣ್ಣ ತಗ್ಗು ಅಲ್ಲಿತ್ತು. ಅದೇ ಏಟು ಸಸ್ಪೆನ್ಷನ್ ಆರ್ಮ್‌ಗೂ ತಾಗಿರಬಹುದು ಅಂತ ಅದನ್ನೂ ನೋಡಿದರು. ಕೊನೆಗೆ ಲ್ಯಾಪ್‌ಟಾಪ್ ಹಚ್ಚಿ ಎಂಜಿನ್ ಕಂಪ್ಯೂಟರಿಗೆ ಎಷ್ಟು ಸಲ ಸಾಫ್ಟ್‌ವೇರ್ ಹಾಕಲಾಗಿದೆ ಅಂತ ಓದಿದರು. ಮಾರುವ ಮುಂಚೆ ರೀಮ್ಯಾಪ್ ತೆಗೆದು ಕಂಪನಿ ಸಾಫ್ಟ್‌ವೇರ್ ಹಾಕುವುದು ಮಾಮೂಲು. ಆದರೆ ಹಾಕಿದ ಲೆಕ್ಕ ಒಳಗೆ ಉಳಿದಿರುತ್ತದೆ.

ರೀಮ್ಯಾಪ್ ಆದ 2017ರ ಎಂಜಿನ್ 300 ಪಿಎಸ್‌ನ ಆಸುಪಾಸು ಕೊಡುತ್ತದೆ. ಎಂಜಿನ್ ತಡೆದುಕೊಳ್ಳುತ್ತದೆ. ಕ್ಲಚ್ ತಡೆದುಕೊಳ್ಳುತ್ತಾ ಅನ್ನುವುದು ಓಡಿಸಿದವರ ಮೇಲೆ. ಕಾನೂನಿನ ಕಡೆಯಿಂದಲೂ ಇದು ಸಲೀಸಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸಿನವರು ಇದನ್ನೇ ಹಿಡಿದುಕೊಂಡರೆ ಏನು ಮಾಡುತ್ತೀರಿ?

ಪೆಟ್ರೋಲಿನ ಮಾತು. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಸೇರಿದ್ದು. ಆಳಂದ, ಅಫಜಲಪುರ, ಬೀದರ್ ಕಡೆಯ ಕಬ್ಬು ಇಂಥದ್ದೇ ಎಥೆನಾಲ್‌ಗೂ ಹೋಗುತ್ತದೆ, ಹಾಗಾಗಿ ಈ ಚರ್ಚೆಯಲ್ಲಿ ನಮ್ಮ ಭಾಗದ ಮಂದಿ ಎರಡೂ ಕಡೆ ಇದ್ದಾರೆ. ಟರ್ಬೊ ಎಂಜಿನ್ನಿಗೆ ಇದರಿಂದ ಒಂದು ಲಾಭವೂ ಇದೆ. ಎಥೆನಾಲ್ ಸೇರಿದಾಗ ಆಕ್ಟೇನ್ ಏರುತ್ತದೆ. ಇ20 ಪೆಟ್ರೋಲಿನ ಆಕ್ಟೇನ್ 95 ಅಂತ ಕೇಂದ್ರ ಸರ್ಕಾರವೇ ಹೇಳಿದೆ. 2004ರಲ್ಲಿ 88 ಇದ್ದದ್ದು ಈಗ 95. ಆಗ ಈ ಪೆಟ್ರೋಲ್ ಇದ್ದಿದ್ದರೆ 180 ಪಿಎಸ್‌ನ ಕಾರೇ ಬರುತ್ತಿತ್ತೋ ಏನೋ. ನಷ್ಟ ಅಂದ್ರೆ ಮೈಲೇಜ್. ಎಥೆನಾಲಿನ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಇನ್ನು ಹಳೇ ಗಾಡಿಗಳ ರಬ್ಬರ್ ಪೈಪು, ಸೀಲುಗಳನ್ನು ಇ20ಗಾಗಿ ಮಾಡಿದ್ದಲ್ಲ. 2017ರ ಆರ್‌ಎಸ್ ಇಟ್ಟುಕೊಂಡವರು ಪ್ರತಿ ಸರ್ವಿಸಿನಲ್ಲಿ ಫ್ಯೂಯೆಲ್ ಲೈನ್ ನೋಡಿಸಬೇಕು, ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿ ಇಡಬಾರದು.

ಯಾವ ವರ್ಷದ್ದು ತೆಗೆದುಕೊಳ್ಳಬೇಕು ಅಂತ ಕೇಳುವವರಿಗೆ ನನ್ನ ಉತ್ತರ 2017ರದ್ದು. 2004ರದ್ದು ಈಗ 20 ವರ್ಷ ದಾಟಿದ ಗಾಡಿ. 2025ರ ಆಗಸ್ಟಿನಿಂದ ಅಂಥ ಕಾರಿನ ರಿಜಿಸ್ಟ್ರೇಷನ್ ನವೀಕರಣಕ್ಕೆ 10,000 ರೂಪಾಯಿ, ಬಿಡಿಭಾಗ ಹುಡುಕುವ ಖರ್ಚು ಬೇರೆ. ಲಾರಾದ 1.8 ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಟೆನ್ಷನರ್ ಮತ್ತು ಆಯಿಲ್ ಕುಡಿಯುವ ತೊಂದರೆ ಲೋಕಕ್ಕೇ ಗೊತ್ತು. ಬೆಳಿಗ್ಗೆ ಮೊದಲ ಸ್ಟಾರ್ಟಿನಲ್ಲಿ ಗರಗರ ಸದ್ದು ಬಂದರೆ ಅಲ್ಲಿಂದ ಎದ್ದು ಬನ್ನಿ. 245 ಚೆನ್ನಾಗಿದೆ, ಆದರೆ 200ರಲ್ಲಿ ಒಂದು ಈ ಕಡೆ ಮಾರಾಟಕ್ಕೆ ಬರಬೇಕಲ್ಲ.

2017ರದ್ದು ಹುಡುಕಿದರೂ ಬಹುಶಃ ಸಿಗುವುದು ಹೈದರಾಬಾದಿನಲ್ಲೋ ಪುಣೆಯಲ್ಲೋ. ಟಿಎಸ್ ಅಥವಾ ಎಂಎಚ್ ನಂಬರ್. ಅಲ್ಲಿಂದ ಎನ್‌ಒಸಿ ತರಬೇಕು. ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಗಾಡಿಯ ವಯಸ್ಸು ನೋಡಿ ಸ್ವಲ್ಪ ಕಡಿಮೆ ಮಾಡುತ್ತಾರೆ, ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ಬೆಲೆಯಿಂದಲ್ಲ, ಹೊಸದಿದ್ದಾಗಿನ ಬೆಲೆಯಿಂದ. ಚೌಕಾಸಿ ಮಾಡಿ ಒಂದು ಲಕ್ಷ ಇಳಿಸಿ ಖುಷಿಪಟ್ಟವರು ಆರ್‌ಟಿಒ ಕಚೇರಿಯಲ್ಲಿ ಅದರ ಮೂರು ಪಟ್ಟು ಕಟ್ಟುವುದು ಇದಕ್ಕೇ. ಗಾಡಿ ನೋಡಲು ಹೋಗುವ ಮೊದಲೇ ಈ ಟ್ಯಾಕ್ಸ್ ಎಷ್ಟಾಗುತ್ತದೆ ಅಂತ ಕೇಳಿಕೊಂಡು ಹೋಗಿ.

ಇದೆಲ್ಲ ರಗಳೆ ಬೇಡ ಅನ್ನುವವರಿಗೆ ಶೋರೂಮಿನಲ್ಲೇ ಒಂದು ದಾರಿ ಇದೆ. ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗುವ ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್ ಸೆಡಾನ್‌ಗಳ 1.5 ಲೀಟರ್ ಟಿಎಸ್‌ಐ ಎಂಜಿನ್ ಕೊಡುವುದು 150 ಪಿಎಸ್. 2004ರಲ್ಲಿ ಆರ್‌ಎಸ್ ಬ್ಯಾಡ್ಜ್ ಹೊತ್ತು ಬಂದ ಕಾರಿನಷ್ಟೇ. ಟಾರ್ಕ್ ಅದಕ್ಕಿಂತ 40 ಜಾಸ್ತಿ, 250 ಎನ್‌ಎಂ. 2023ರಲ್ಲಿ ಬಂದ ಹ್ಯುಂಡೈ ವರ್ನಾ ಟರ್ಬೊ 160 ಪಿಎಸ್, ಅಂದ್ರೆ ಲಾರಾ ವಿಆರ್‌ಎಸ್‌ಗೆ ಸಮ. ಇವೆಲ್ಲ 20 ಲಕ್ಷದೊಳಗೆ ಸಿಗುತ್ತವೆ, ಹಾಗಾಗಿ ಲೈಫ್ ಟ್ಯಾಕ್ಸ್ ಕೂಡ 18ರ ಬದಲು 17%. ಬುಕಿಂಗಿಗೆ ಗಡಿಯಾರ ನೋಡಿಕೊಂಡು ಕೂರಬೇಕಾಗಿಲ್ಲ, ಮತ್ತು ನೆಲದಿಂದ ಎತ್ತರವೂ ಆರ್‌ಎಸ್‌ಗಿಂತ ಜಾಸ್ತಿ ಇದೆ.